ಯಮನೂರನ ಹಾಳೆ, ಸಾವಂತ್ರೆವ್ವನ ಎದುರು ಲೆಕ್ಕ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಹದಿಮೂರು ನಿಮಿಷಕ್ಕೆ ಸಾವಂತ್ರೆವ್ವ ಕೈಗೆ ಹತ್ತಿದ ಜೋಳದ ಹಿಟ್ಟನ್ನು ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಗಂಡನ ಎದುರಿಗೆ ಬಂದು ಕೂತಳು. ಇಬ್ಬರ ನಡುವೆ ಒಂದು ಕಬ್ಬಿಣದ ಟ್ರಂಕು, ಅದರ ಮೇಲೆ ಹಳೆಯ ಲ್ಯಾಪ್‌ಟಾಪು. ಅದರ ಮುಖ ಯಮನೂರನ ಕಡೆಗಿತ್ತು. ಸಾವಂತ್ರೆವ್ವನ ಕೈಯಲ್ಲಿ ಫೋನು, ತೊಡೆಯ ಮೇಲೆ ಇನ್ನೂರು ಪುಟದ ನೋಟುಬುಕ್ಕು. ಅವನ ಪರದೆ ಅವಳಿಗೆ ಕಾಣುವುದಿಲ್ಲ, ಅವಳ ಫೋನು ಅವನಿಗೆ ಕಾಣುವುದಿಲ್ಲ. ಹಾಗೆ ಬೇಕೆಂದೇ ಕೂರುತ್ತಾರೆ.

ಒಂಬತ್ತೂಕಾಲಿಗೆ ಮುಂಬಯಿಯ ಷೇರು ಪೇಟೆ ತೆರೆಯಿತು. ಗೋವಾದ ಝುವಾರಿನಗರದ ಆ ಒಂದೂವರೆ ಕೋಣೆಯ ಮನೆಯಲ್ಲಿ ಯಾರೂ ಅಲುಗಲಿಲ್ಲ. ಫೋನಿನಲ್ಲಿ ಅಂಕಿಗಳು ಕೆಂಪಾಗಿ, ಹಸಿರಾಗಿ, ಮತ್ತೆ ಕೆಂಪಾಗಿ ಹೊರಳುತ್ತಿದ್ದವು. ದೇಶದ ತುಂಬ ಲಕ್ಷಾಂತರ ಜನ ಅದೇ ಹೊತ್ತಿನಲ್ಲಿ ಕೊಳ್ಳುತ್ತಲೋ ಮಾರುತ್ತಲೋ ಇದ್ದರು. ಇವರು ಹದಿನೈದು ನಿಮಿಷ ಸುಮ್ಮನೆ ನೋಡಿದರು. ಒಂಬತ್ತೂವರೆಗೆ ಸಾವಂತ್ರೆವ್ವ ಓದತೊಡಗಿದಳು.

"ಮೊದಲನೇದು. ಮ್ಯಾಲಿಂದು ಆರನೂರಾ ಹನ್ನೆರಡು, ನಲವತ್ತು."

"ಆರನೂರಾ ಹನ್ನೆರಡು, ನಲವತ್ತು," ಎಂದು ಯಮನೂರ ತಿರುಗಿ ಹೇಳಿ ಬೆರಳಚ್ಚು ಮಾಡಿದ.

"ಕೆಳಗಿಂದು ಆರನೂರಾ ಐದು, ಹತ್ತು."

"ಆರನೂರಾ ಐದು, ಹತ್ತು."

ಬಾಗಿಲಲ್ಲಿ ಫೂಲಿಬಾಯಿ ನಿಂತಿದ್ದಳು. ಎರಡು ಮನೆ ಆಚೆಯವಳು. ದಾಬೋಲಿಮ್‌ನಲ್ಲಿ ಕಟ್ಟಡ ಕೆಲಸಕ್ಕೆ ಹೋಗುವಾಗ ತನ್ನ ಗುಂಪಿನವರಿಗೆಲ್ಲ ಸಾವಂತ್ರೆವ್ವನ ಹತ್ತಿರ ರೊಟ್ಟಿ ಕೊಂಡು ಒಯ್ಯುತ್ತಾಳೆ.

"ಏನ ಯಕ್ಕಾ, ಮಂತ್ರ ಶುರು ಆತೇನು?"

"ಬುಟ್ಟ್ಯಾಗ ಮೂವತ್ತ ರೊಟ್ಟಿ ಅದಾವ ಫೂಲಿ. ಎಣಿಸಿಕೊಂಡ ಒಯ್ಯಿ."

"ನೀ ಕೊಟ್ಟದ್ದ ನಾ ಎಣಸ್ಲೇನು?"

"ಎಣಸು. ಈ ಮನ್ಯಾಗ ಎಣಸ್ದ ಯಾವದೂ ಹೊರಗ ಹೋಗೂದಿಲ್ಲ," ಎಂದು ಫೋನಿನಿಂದ ಕಣ್ಣು ತೆಗೆಯದೆ ಹೇಳಿ ಸಾವಂತ್ರೆವ್ವ ಎರಡನೆಯ ಷೇರಿನ ದರ ಓದಿದಳು.

ಯಮನೂರನಿಗೆ ಈಗ ನಲವತ್ಮೂರು ವರ್ಷ. ಹುನಗುಂದ ತಾಲ್ಲೂಕಿನಿಂದ ಹತ್ತೊಂಬತ್ತರ ವಯಸ್ಸಿನಲ್ಲಿ ವಾಸ್ಕೋಕ್ಕೆ ಬಂದು, ಬಂದರದಲ್ಲಿ ಹತ್ತು ವರ್ಷ ಗೊಬ್ಬರದ ಚೀಲ ಹೊತ್ತ. ಅಂಕಿ ದುಂಡಗೆ ಬರೆಯುತ್ತಾನೆ ಎಂಬ ಒಂದೇ ಕಾರಣಕ್ಕೆ ಗುತ್ತಿಗೆದಾರರು ಅವನ ಬೆನ್ನಿನಿಂದ ಚೀಲ ಇಳಿಸಿ ಕೈಗೆ ಪೆನ್ನು ಕೊಟ್ಟರು. ಅಂದಿನಿಂದ ಅವನು ಟ್ಯಾಲಿ ಕ್ಲರ್ಕ್. ಲಾರಿಗೆ ಏರುವ ಒಂದೊಂದು ಚೀಲಕ್ಕೂ ಒಂದು ಗೀಟು, ಐದನೆಯದಕ್ಕೆ ಅಡ್ಡಗೀಟು. ಬಂದರದಲ್ಲಿ ಒಬ್ಬನೇ ಎಣಿಸಿದ ಲೆಕ್ಕಕ್ಕೆ ಬೆಲೆಯಿಲ್ಲ. ಸರಕು ಕೊಡುವವರ ಕಡೆಗೊಬ್ಬ, ತೆಗೆದುಕೊಳ್ಳುವವರ ಕಡೆಗೊಬ್ಬ, ಇಬ್ಬರು ಎದುರುಬದುರು ನಿಂತು ಒಂದೇ ಚೀಲವನ್ನು ಬೇರೆ ಬೇರೆ ಎಣಿಸುತ್ತಾರೆ. ಪಾಳಿ ಮುಗಿದಾಗ ಎರಡೂ ಹಾಳೆ ಹೋಲಿಸಿ, ತಾಳೆಯಾದರೆ ಎರಡಕ್ಕೂ ಎರಡೂ ಕಡೆಯ ಸಹಿ ಬೀಳುತ್ತದೆ.

ಈ ಪದ್ಧತಿಯನ್ನು ಅವನು ಮನೆಗೆ ತಂದದ್ದು ಪೆಟ್ಟು ತಿಂದ ಮೇಲೆ. 2021ರಲ್ಲಿ ಬಂದರದ ಕೆಲಸ ಅರೆಬರೆ ನಡೆಯುತ್ತಿದ್ದಾಗ ಅವನು ಫೋನಿನ ಒಂದು ಗುಂಪಿಗೆ ಸೇರಿದ. ಯಾರೋ ಕಾಣದ ಮನುಷ್ಯ ದಿನಾ ಬೆಳಿಗ್ಗೆ ಒಂದು ಷೇರಿನ ಹೆಸರು ಹೇಳುತ್ತಿದ್ದ, ಇವನು ಕೊಳ್ಳುತ್ತಿದ್ದ. ಏಳು ತಿಂಗಳಲ್ಲಿ ಒಂದು ಲಕ್ಷದ ಅರವತ್ತೆರಡು ಸಾವಿರ ಹೋಯಿತು. ಕೊನೆಯ ನಾಲ್ಕು ತಿಂಗಳು ಅದನ್ನು ಹೆಂಡತಿಗೆ ಹೇಳಲಿಲ್ಲ. ಸಾವಂತ್ರೆವ್ವನಿಗೆ ಗೊತ್ತಾದದ್ದು ಬ್ಯಾಂಕಿನ ಕಿಟಕಿಯ ಮುಂದೆ, ಪಾಸುಬುಕ್ಕಿನ ಮೇಲೆ ಯಂತ್ರ ಅಚ್ಚು ಹಾಕುವಾಗ. ಅವಳು ಏಳನೆಯ ಇಯತ್ತೆಯವರೆಗೆ ಓದಿದವಳು. ಅಚ್ಚಾದ ಸಾಲುಗಳನ್ನು ಅಲ್ಲೇ ನಿಂತು ಕೊನೆಯವರೆಗೆ ಓದಿದಳು. ಮನೆಗೆ ಬಂದು ಬೈಯಲಿಲ್ಲ, ಅಳಲಿಲ್ಲ. ಹನ್ನೊಂದು ದಿನ ಗಂಡನೊಡನೆ ಮಾತಾಡಲಿಲ್ಲ.

ದಿನದೊಳಗೇ ಕೊಂಡು ದಿನದೊಳಗೇ ಮಾರುವ ಹತ್ತು ಜನರಲ್ಲಿ ಏಳು ಜನ ಕಳೆದುಕೊಳ್ಳುತ್ತಾರೆಂದು ಪೇಟೆಯ ನಿಯಂತ್ರಕರ ವರದಿಯೇ ಹೇಳುತ್ತದೆ. ಆ ಏಳರಲ್ಲಿ ಬಹಳಷ್ಟು ಜನ ಬಿಟ್ಟುಬಿಡುತ್ತಾರೆ, ಉಳಿದವರು ಹೋದದ್ದನ್ನು ಹಿಂದೆ ತರಲು ಹೋಗಿ ಇನ್ನಷ್ಟು ಕಳೆಯುತ್ತಾರೆ. ಯಮನೂರ ಎರಡನ್ನೂ ಮಾಡಲಿಲ್ಲ. ಅವನು ಒಂದು ಹಾಳೆ ಕಟ್ಟಲು ಕೂತ.

ಹಾಳೆ ಎಂದರೆ ಕಂಪ್ಯೂಟರಿನ ಎಕ್ಸೆಲ್ ಹಾಳೆ. ಬಂದರದ ಕಚೇರಿಯಲ್ಲಿ ಧಾರವಾಡದ ಪವಮಾನ ಎಂಬ ಅಕೌಂಟೆಂಟರು ಚೀಲದ ಲೆಕ್ಕವನ್ನು ಅದರಲ್ಲಿ ಇಡುತ್ತಿದ್ದರು. ಹಡಗಿನಲ್ಲಿ ಬಿಡಿಯಾಗಿ ಬಂದ ಗೊಬ್ಬರ ಇಷ್ಟು ಟನ್ನು ಎಂದು ಹಾಳೆಯ ಒಂದು ಚೌಕದ ಮನೆಯಲ್ಲಿ ತುಂಬಿದರೆ, ಐವತ್ತು ಕಿಲೋದಿಂದ ಭಾಗಿಸಿ ಎಷ್ಟು ಚೀಲ ಬೇಕೆಂದು ಪಕ್ಕದ ಮನೆ ತಾನಾಗಿ ಹೇಳುತ್ತಿತ್ತು. ಮೊದಲ ಸಲ ಅದನ್ನು ಕಂಡಾಗ ಯಮನೂರ ಊಟದ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟನಂತೆ. "ಟನ್ನಿನ ಅಂಕಿ ಬದಲ ಮಾಡ್ರಿ ಸರ, ಇನ್ನೊಮ್ಮೆ ನೋಡೂಣು," ಎಂದು ನಾಲ್ಕು ಸಲ ಬದಲಿಸಿ ನೋಡಿದ್ದನ್ನು ಪವಮಾನ ಇಂದಿಗೂ ನಕ್ಕು ಹೇಳುತ್ತಾರೆ. ಆಮೇಲೆ ಊಟದ ಬಿಡುವಿನಲ್ಲಿ ಸೂತ್ರ ಬರೆಯುವುದನ್ನು ಅವರೇ ಕಲಿಸಿದರು. ಚೀಲದ ಹಾಳೆಯ ಒಂದು ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರು. ಯಮನೂರ ಮನೆಯಲ್ಲಿ ಅದರ ಟನ್ನನ್ನು ಅಳಿಸಿ ರೂಪಾಯಿ ಬರೆದ, ಚೀಲವನ್ನು ಅಳಿಸಿ ಷೇರು ಬರೆದ. ಉಳಿದದ್ದನ್ನು ಕಟ್ಟಲು ಒಂದು ವರ್ಷ ಹಿಡಿಯಿತು.

ಆ ಹಾಳೆ ಭವಿಷ್ಯ ಹೇಳುವುದಿಲ್ಲ. ಐದು ಷೇರು, ಐದು ಸಾಲು. ಮೊದಲ ಹದಿನೈದು ನಿಮಿಷದಲ್ಲಿ ದರ ಎಷ್ಟು ಮೇಲಕ್ಕೆ ಹೋಗಿತ್ತು, ಎಷ್ಟು ಕೆಳಕ್ಕೆ ಬಂದಿತ್ತು ಎಂಬುದನ್ನು ತುಂಬಬೇಕು. ಆಮೇಲೆ ಯಾವಾಗಲಾದರೂ ದರ ಆ ಮೇಲಿನ ಗೆರೆಯನ್ನು ದಾಟಿತೇ, ದಾಟುವಾಗ ಎಂದಿಗಿಂತ ಹೆಚ್ಚು ಷೇರು ಕೈ ಬದಲಾಗುತ್ತಿವೆಯೇ, ಇಡೀ ಪೇಟೆಯೂ ಮೇಲಕ್ಕೇ ಹೊರಟಿದೆಯೇ, ಗಂಟೆ ಹನ್ನೊಂದೂವರೆ ದಾಟಿಲ್ಲವೇ ಎಂದು ಹಾಳೆ ಒಂದೊಂದಾಗಿ ನೋಡುತ್ತದೆ. ಎಲ್ಲವೂ ಹೌದಾದರೆ ಸಾಲಿನ ಕೊನೆಯ ಮನೆ ಹಸಿರಾಗಿ 'ಹೂಂ' ಎನ್ನುತ್ತದೆ, ಎಷ್ಟು ಷೇರು ಎಂಬುದನ್ನೂ ಹೇಳುತ್ತದೆ. ಒಂದು ತಪ್ಪಿದರೂ 'ಬ್ಯಾಡ'. ಕೊಂಡದ್ದು ಕೆಳಗಿನ ಗೆರೆಗೆ ಬಿದ್ದರೆ ಮಾರಬೇಕು. ಬೀಳದಿದ್ದರೂ ಒಂದೂವರೆಗೆ ಮಾರಿ ಎದ್ದುಬಿಡಬೇಕು, ಏಕೆಂದರೆ ಮೂರಕ್ಕೆ ಬಂದರದ ಎರಡನೆಯ ಪಾಳಿ. ದರಗಳು ತಾವಾಗಿ ಹಾಳೆಗೆ ಬರುವ ಏರ್ಪಾಡು ಅವನ ಹತ್ತಿರ ಇಲ್ಲ. ಒಬ್ಬರು ಓದಬೇಕು, ಒಬ್ಬರು ತುಂಬಬೇಕು.

2023ರಲ್ಲಿ ಒಂದು ವರ್ಷ ಪೂರ್ತಿ ಅವನು ಒಂದು ರೂಪಾಯಿಯನ್ನೂ ಹಾಕದೆ ಹಾಳೆ ನಡೆಸಿದ. ಇಂದು ಕೊಂಡಿದ್ದರೆ ಇಷ್ಟು ಬರುತ್ತಿತ್ತು, ಇಷ್ಟು ಹೋಗುತ್ತಿತ್ತು ಎಂದು ಬರೆದ, ಅಷ್ಟೆ. ಸಾವಂತ್ರೆವ್ವ ರೊಟ್ಟಿ ಬಡಿಯುತ್ತ ಆ ವರ್ಷವಿಡೀ ಅವನನ್ನು ನೋಡಿದಳು. ವರ್ಷದ ಕೊನೆಗೆ ಅವನು ಹಾಳೆಯನ್ನು ಅವಳ ಮುಂದಿಟ್ಟು, ನಲವತ್ತು ಸಾವಿರ ಹಾಕಿ ಆಡಲು ಅನುಮತಿ ಕೇಳಿದ. ಅವಳು ತನ್ನ ಕರಾರು ಹೇಳಿದಳು.

ಒಂದು ದಿನಕ್ಕೆ ಮುನ್ನೂರು ರೂಪಾಯಿಗಿಂತ ಹೆಚ್ಚು ಹೋಗುವ ಹಾಗೆ ಕೊಳ್ಳಬಾರದು. ದಲ್ಲಾಳಿಯ ಖರ್ಚು ಬೇರೆ. ಹಾಳೆ 'ಹೂಂ' ಎನ್ನದೆ ಕೊಳ್ಳಬಾರದು. ಫೋನು ಅವಳ ಕೈಯಲ್ಲಿರಬೇಕು, ಕೊಳ್ಳುವ, ಮಾರುವ ಗುಂಡಿ ಒತ್ತುವವಳು ಅವಳು. ಹೀಗೆ ಇನ್ನೂರೈವತ್ತು ದಿನ ಕಾಯ್ದೆ ಮುರಿಯದೆ ನಡೆದರೆ ಅವನು ಜೀವನಪೂರ್ತಿ ಆಡಿಕೊಳ್ಳಬಹುದು, ಅವಳು ಮತ್ತೆ ಕೇಳುವುದಿಲ್ಲ. ಒಂದು ದಿನ ಮುರಿದರೂ ಖಾತೆ ಬಂದ್.

"ನಾ ಎದುರಿನ ಟ್ಯಾಲಿ," ಎಂದಿದ್ದಳು. "ನಿಮ್ಮ ಬಂದರದಾಗ ಹೆಂಗ ಇರ್ತಾರ, ಹಂಗ."

ವಾರ ಬಿಟ್ಟು ವಾರ ಅವನಿಗೆ ಮೊದಲ ಪಾಳಿ ಇರುತ್ತದೆ, ಆ ವಾರ ಪೇಟೆ ಇಲ್ಲ. ಹಾಗಾಗಿ ಇನ್ನೂರೈವತ್ತು ದಿನವೆಂದರೆ ಎರಡು ವರ್ಷದ ದಾರಿ. ಈ ಬುಧವಾರ ಇನ್ನೂರಾ ಮೂವತ್ತೆಂಟನೆಯ ದಿನ. ಇನ್ನು ಹನ್ನೆರಡು ಉಳಿದಿದ್ದವು.

ಆ ಇನ್ನೂರಾ ಮೂವತ್ತೇಳು ದಿನಗಳ ದಾಖಲೆಯನ್ನು ನೋಡಿದವರು ಬೆರಗಾಗುತ್ತಾರೆ. ಲಾಭದಿಂದಲ್ಲ. ಖರ್ಚು ಕಳೆದು ಅವರು ಗಳಿಸಿದ್ದು ಒಂಬತ್ತು ಸಾವಿರದ ಎಂಟುನೂರು ಚಿಲ್ಲರೆ, ದಿನಕ್ಕೆ ನಲವತ್ತೊಂದು ರೂಪಾಯಿ. "ಅದಕ್ಕಿಂತ ನನ್ನ ರೊಟ್ಟಿ ಚಲೋ ಗಳಸ್ತಾವ," ಎಂದು ಸಾವಂತ್ರೆವ್ವ ಹೇಳುವುದು ಸುಳ್ಳಲ್ಲ. ಬೆರಗು ಹುಟ್ಟಿಸುವುದು ಇನ್ನೊಂದು. ಆ ದಿನಗಳಲ್ಲಿ ತೊಂಬತ್ತೇಳು ದಿನ ಅವರು ಏನನ್ನೂ ಕೊಂಡಿಲ್ಲ. ನಾಲ್ಕು ತಾಸು ಎದುರುಬದುರು ಕೂತು, ಹದಿನೈದು ನಿಮಿಷಕ್ಕೊಮ್ಮೆ ಐದು ದರ ಓದಿ, ಐದು ದರ ತುಂಬಿ, ಐದು ಸಲ 'ಬ್ಯಾಡ' ಕಂಡು ಎದ್ದಿದ್ದಾರೆ. ಕಣ್ಣೆದುರೇ ಒಂದು ಷೇರು ನೂರು ರೂಪಾಯಿ ಏರಿದ ದಿನವೂ ಇದೆ. ಹಾಳೆ ಬೇಡವೆಂದಿತ್ತು, ಮುಟ್ಟಲಿಲ್ಲ. ಲಕ್ಷ ಕಳೆದುಕೊಂಡ ಮನುಷ್ಯನೊಬ್ಬ ಅದೇ ಪೇಟೆಯ ಮುಂದೆ ಕೈಕಟ್ಟಿ ಕೂತ ತೊಂಬತ್ತೇಳು ಬೆಳಗುಗಳು ಒಂದರ ಕೆಳಗೊಂದು, ಒಂದೇ ಅಳತೆಯ ಅಕ್ಷರದಲ್ಲಿ ಅಲ್ಲಿವೆ.

ಬುಧವಾರದ ಐದನೆಯ ಸಾಲಿನ ಷೇರು ಹೊಸದು. ದಿನಾ ಬೆಳಿಗ್ಗೆ ಹೆಚ್ಚು ಓಡಾಟವಿರುವ ಐದನ್ನು ಅವನು ಆರಿಸುತ್ತಾನೆ. ಸಾಮಾನ್ಯವಾಗಿ ಆರು ನೂರು, ಎಂಟು ನೂರು ರೂಪಾಯಿಯವು. ಇದರ ದರ ಒಂಬತ್ತು ಸಾವಿರದ ಆಚೀಚೆ.

"ಮ್ಯಾಲಿಂದು ಒಂಬತ್ತ ಸಾವಿರದಾ ನೂರಾ ಎಂಬತ್ನಾಕು. ಕೆಳಗಿಂದು ಎಂಟ ಸಾವಿರದಾ ಒಂಬೈನೂರಾ ಎಪ್ಪತ್ತೆರಡು. ಅಬಾ, ಎಂಥಾ ಶೇರ್ರಿ ಇದು?"

"ಓದವ್ವಾ, ನೀ ಏನ ಮನಿಗೆ ತರಬೇಕಾಗಿಲ್ಲ ಅದನ್ನ."

ಹತ್ತು ನಲವತ್ತೈದಕ್ಕೆ ದರ ಮೇಲಿನ ಗೆರೆ ದಾಟಿತು. ಸಾವಂತ್ರೆವ್ವ ಓದಿದಳು, ಯಮನೂರ ತುಂಬಿದ. ಐದನೆಯ ಸಾಲು ಹಸಿರಾಯಿತು.

"ಹೂಂ ಅಂತು."

"ಎಷ್ಟು?"

"ಎರಡು."

ನಲವತ್ತು, ಅರವತ್ತು ಕೇಳಿ ರೂಢಿಯಾಗಿದ್ದ ಸಾವಂತ್ರೆವ್ವ ತಲೆಯೆತ್ತಿದಳು. "ಎರಡ?"

"ದೊಡ್ಡ ಶೇರಲ್ಲೇನು. ಎರಡ."

ಅವಳು ಎರಡು ಎಂದು ಬರೆದುಕೊಂಡು ಒತ್ತಿದಳು. ಹನ್ನೆರಡು ಇಪ್ಪತ್ತೈದಕ್ಕೆ ದರ ಕೆಳಗಿನ ಗೆರೆಗೆ ಬಿತ್ತು, ಮಾರಾಟವಾಯಿತು. ಒಂದೂವರೆಗೆ ಇಬ್ಬರೂ ಲೆಕ್ಕ ಹೋಲಿಸಿದರು. ಕೊಂಡ ದರ, ಎಷ್ಟು, ಮಾರಿದ ದರ, ಗಂಟೆ. ನಾಲ್ಕೂ ತಾಳೆಯಾದವು. ಯಮನೂರ ಅವಳ ನೋಟುಬುಕ್ಕಿನಲ್ಲಿ ಸಹಿ ಮಾಡಿದ, ಅವಳು ಅದರ ಪಕ್ಕಕ್ಕೆ ತನ್ನದನ್ನು ಹಾಕಿದಳು.

"ಇದು ನಾನೂರಾ ಇಪ್ಪತ್ನಾಕು ಹೋತು ಅಂತ ತೋರಸಾಕತ್ತೈತಿ," ಎಂದಳು ಫೋನು ನೋಡುತ್ತ.

ಕಳೆದುಕೊಂಡ ದಿನಗಳಲ್ಲಿ ಫೋನು ಮುನ್ನೂರಾ ಮೂರು, ಮುನ್ನೂರಾ ಆರು ಎಂದು ತೋರಿಸುವುದಿತ್ತು. ಮೇಲಿನ ಚಿಲ್ಲರೆ ದಲ್ಲಾಳಿಯ ಖರ್ಚು ಎಂದು ಮೊದಲ ತಿಂಗಳಿನಿಂದಲೇ ಇಬ್ಬರೂ ತಿಳಿದಿದ್ದರು. ಯಮನೂರ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಎರಡರ ಬಸ್ಸು ತಪ್ಪಿದರೆ ಪಾಳಿಗೆ ತಡ.

"ದೊಡ್ಡ ಶೇರು, ಖರ್ಚೂ ದೊಡ್ಡದಿರಬೇಕು. ಆಮ್ಯಾಲೆ ನೋಡ್ತೇನಿ."

ಸಾವಂತ್ರೆವ್ವ ಇನ್ನೂರಾ ಮೂವತ್ತೆಂಟನೆಯ ಗೀಟು ಎಳೆದಳು.

ಬಂದರದಲ್ಲಿ ಆ ದಿನ ಗೊಬ್ಬರದ ಹಡಗು. ಹಡಗು ನಿಲ್ಲುವ ಧಕ್ಕೆಯ ಮೇಲೆ ಯಂತ್ರ ಚೀಲ ತುಂಬಿ ಹೊಲಿದು ದೂಡುತ್ತಿತ್ತು, ಹಮಾಲರು ಲಾರಿಗೆ ಏರಿಸುತ್ತಿದ್ದರು. ಎದುರಿನ ಕಡೆಯ ಟ್ಯಾಲಿ ರಾಜಮಹ್ಮದ. ಇಬ್ಬರೂ ಹದಿನಾಲ್ಕು ವರ್ಷದಿಂದ ಎದುರುಬದುರು ನಿಂತವರು. ಯಮನೂರನಿಗೆ ಪೇಟೆಯಲ್ಲಿ ಬಂದ ದಿನ ಚಹಾ ಅವನದು, ಹೋದ ದಿನ ರಾಜಮಹ್ಮದನದು ಎಂಬ ಒಪ್ಪಂದವಿದೆ.

"ಏನ ಶೇಟ, ಇವತ್ತ ಚಾ ನಿಂದೋ ನಂದೋ?"

"ನಿಂದು."

"ಮತ್ತ ನಂದ? ಈ ವಾರ ಮೂರೂ ದಿನ ನಾನ ಕುಡಸಾಕತ್ತೇನಿ. ನಿನ್ನ ಬಜಾರ ನಿನ್ನ ಮುಳುಗಸ್ತೈತೋ ಇಲ್ಲೋ ಗೊತ್ತಿಲ್ಲ, ನನ್ನ ಮುಳುಗಸೂದ ಖರೇ."

ಆರಕ್ಕೆ ಹತ್ತು ನಿಮಿಷ ಇರುವಾಗ ಒಂದು ರಾಶಿ ಮುಗಿಯಿತು. ಕೊನೆಯ ಚೀಲ ಅರ್ಧವೇ ತುಂಬಿ ಹೊರಬಂತು.

"ಇದು ಅರ್ಧಾ ಐತಿ," ಎಂದ ರಾಜಮಹ್ಮದ. "ಏನ ಬರಕೊಳ್ಲಿ?"

"ಒಂದು. ಷರಾದಾಗ ಅರ್ಧಾ ಅಂತ ಹಾಕು." ಇದು ಬಂದರದ ಕಾಯ್ದೆ. ಚೀಲ ಅರ್ಧ ತುಂಬಿರಲಿ, ಹರಿದಿರಲಿ, ಎಣಿಕೆಯಲ್ಲಿ ಅದು ಒಂದು ಚೀಲವೇ. ಪವಮಾನರ ಹಾಳೆಯೂ ಅದನ್ನೇ ಮಾಡುತ್ತದೆ. ಭಾಗಿಸಿದಾಗ ಅರ್ಧವೋ ಕಾಲೋ ಉಳಿದರೆ ಮೇಲಕ್ಕೆ ಏರಿಸಿ ಪೂರ್ತಿ ಒಂದು ಮಾಡುತ್ತದೆ.

ಯಮನೂರ ಗೀಟು ಎಳೆದ. ಎಳೆದ ಕೈ ಹಾಳೆಯ ಮೇಲೆ ಹಾಗೇ ನಿಂತಿತು.

"ಯಾಕೋ? ಏನಾತು?"

"ರಾಜಾ, ಒಂದ ಕೇಳ್ತೇನಿ ಹೇಳು. ಒಬ್ಬಾವನ ಕೈಯಾಗ ಮುನ್ನೂರು ರೂಪಾಯಿ ಕೊಟ್ಟು, ಇದರಾಗ ಎಷ್ಟ ಬರ್ತಾವೋ ಅಷ್ಟ ತಗೊಂಬಾ ಅಂತ ಕಳಸ್ಯಾರ. ಒಂದಕ್ಕ ಇನ್ನೂರಾ ಹನ್ನೆರಡು. ಅಂವ ಎಷ್ಟ ತರಬೇಕು?"

"ಒಂದು. ಎರಡನೇದಕ್ಕ ರೊಕ್ಕ ಎಲ್ಲೈತಿ?"

"ನಾ ಎರಡ ತಂದೇನಿ. ಎರಡ ವರ್ಷದಿಂದ ಹಂಗ ತರಾಕತ್ತೇನಿ."

ಷೇರಿನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಅಂದು ಇನ್ನೂರಾ ಹನ್ನೆರಡು ರೂಪಾಯಿ ಅಂತರ. ಬಿದ್ದರೆ ಒಂದು ಷೇರಿಗೆ ಅಷ್ಟು ಹೋಗುತ್ತದೆ. ಮುನ್ನೂರನ್ನು ಅದರಿಂದ ಭಾಗಿಸಿದರೆ ಒಂದು ಬಂದು ಸ್ವಲ್ಪ ಉಳಿಯುತ್ತದೆ. ಗೊಬ್ಬರದ ಹಾಳೆಯಿಂದ ಬಂದ ಸೂತ್ರ ಆ ಉಳಿಕೆಯನ್ನು ಅರ್ಧ ಚೀಲವೆಂದು ತಿಳಿದು ಇನ್ನೊಂದು ಷೇರು ಸೇರಿಸಿತ್ತು. ಸಣ್ಣ ದರದ ಷೇರುಗಳಲ್ಲಿ ನಲವತ್ತೊಂದು ಇರಬೇಕಾದಲ್ಲಿ ನಲವತ್ತೆರಡಾಗುತ್ತಿತ್ತು, ಮೂರೋ ಆರೋ ರೂಪಾಯಿ ಹೆಚ್ಚು ಹೋಗುತ್ತಿತ್ತು. ಅದು ಖರ್ಚಿನ ಹೆಸರಿನಲ್ಲಿ ಅಡಗಿಕೊಂಡಿತ್ತು. ಎರಡೂ ಕಡೆಯ ಟ್ಯಾಲಿ ದಿನವೂ ತಾಳೆಯಾಗಿತ್ತು, ಏಕೆಂದರೆ ಎಷ್ಟು ಎಂದು ಹಾಳೆ ಹೇಳಿದ್ದನ್ನೇ ಇಬ್ಬರೂ ಬರೆದುಕೊಂಡಿದ್ದರು.

ಅಂದರೆ ಕಾಯ್ದೆ ಮುರಿದಿತ್ತು. ಒಂದು ದಿನವಲ್ಲ.

ರಾಜಮಹ್ಮದ ಎಲ್ಲವನ್ನೂ ಕೇಳಿ ಚಹಾದ ಲೋಟ ಕೆಳಗಿಟ್ಟ. "ಸೂತ್ರ ಸರಿ ಮಾಡಿಬಿಡು, ಮುಗೀತು. ಖರ್ಚು ಅಂತ ಹೇಳಿ ಬಂದೀಯಲ್ಲ, ಹಂಗ ಇರಲಿ. ಹನ್ನೆರಡ ದಿನ ಉಳದಾವ. ಆಕೀಗೆ ಏನ ಗೊತ್ತಾಗ್ತೈತಿ?"

ಯಮನೂರ ಮುಂದಿನ ಲಾರಿ ಹಚ್ಚಲು ಕೈ ಮಾಡಿದ. ಹನ್ನೊಂದರವರೆಗೆ ಪಾಳಿ ಮುಗಿಸಿದ. ಆ ದಿನದ ಟ್ಯಾಲಿಯಲ್ಲಿ ಒಂದು ಚೀಲವೂ ಹೆಚ್ಚುಕಡಿಮೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಐದೂವರೆಗೆ ಸಾವಂತ್ರೆವ್ವ ಒಲೆ ಹೊತ್ತಿಸುವಾಗ ಅವನು ಆಗಲೇ ಎದ್ದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಹೊಸದೊಂದು ಕಾಲಮ್ಮು ಎಳೆದು, ಕೆಳಗಿನ ಗೆರೆಗೆ ಬಿದ್ದು ಕಳೆದುಕೊಂಡ ದಿನಗಳನ್ನು ಒಂದೊಂದಾಗಿ ಹೊರತೆಗೆದು, ಪ್ರತಿಯೊಂದರ ಮುಂದೆ ಮುನ್ನೂರಕ್ಕಿಂತ ಎಷ್ಟು ಹೆಚ್ಚು ಹೋಗಿದೆ ಎಂದು ತುಂಬಿದ. ಎಂಟು ಗಂಟೆಗೆ ಕೆಲಸ ಮುಗಿಯಿತು.

"ಸಾವಂತ್ರಿ, ಬಡಿಯೂದ ನಿಲ್ಲಸು."

"ಇನ್ನೂ ನಲವತ್ತ ಅದಾವ."

"ನಿನ್ನಿ ಹೋಗಿದ್ದು ಖರ್ಚಲ್ಲ. ತಪ್ಪು. ನನ್ನ ಹಾಳಿದು ತಪ್ಪು." ಅರ್ಧ ಚೀಲದ ಸಂಗತಿಯನ್ನು ಅವನು ಮೊದಲಿನಿಂದ ಹೇಳಿದ. "ನಿನ್ನಿದು ಒಂದ ಅಲ್ಲ. ಐವತ್ತೆರಡ ಸಲ ಗೆರಿ ಮುಟ್ಟಿ ಹೋಗೇತಿ. ಅದರಾಗ ಐವತ್ತೊಂದ ಸಲ ಮುನ್ನೂರ ದಾಟೇತಿ."

ಸಾವಂತ್ರೆವ್ವನ ಅಂಗೈಯಲ್ಲಿ ಹಿಟ್ಟಿನ ಮುದ್ದೆ ಇತ್ತು. ಅದನ್ನು ಪರಾತಕ್ಕೆ ಇಳಿಸಿದಳು.

"ಎಂದ ಗೊತ್ತಾತು ನಿಮಗ?"

"ನಿನ್ನಿ ಸಂಜಿ. ಆರಕ್ಕ ಹತ್ತ ನಿಮಿಷ ಇತ್ತು."

"ರಾತ್ರಿ ಬಂದಾಗ ಯಾಕ ಹೇಳಲಿಲ್ಲ?"

"ಎಷ್ಟ ಸಲ ಅಂತ ಎಣಸ್ದ ಏನಂತ ಹೇಳ್ಲಿ?"

ಅವಳು ಉಳಿದ ನಲವತ್ತು ರೊಟ್ಟಿ ಬಡಿದಳು. ಬೇಯಿಸಿ, ಬುಟ್ಟಿಗೆ ಹಾಕಿ, ಕೈತೊಳೆದು, ಗೋಡೆಯ ಗೂಡಿನಿಂದ ತನ್ನ ನಾಲ್ಕು ನೋಟುಬುಕ್ಕುಗಳನ್ನು ಇಳಿಸಿಕೊಂಡಳು. ಜನವರಿ 2024ರ ಮೊದಲ ಪುಟ ತೆರೆದು, ಕಳೆದುಕೊಂಡ ದಿನ ಬಂದಲ್ಲೆಲ್ಲ ಕೊಂಡ ದರದಲ್ಲಿ ಮಾರಿದ ದರ ಕಳೆದು, ಬಂದದ್ದನ್ನು ಷೇರಿನ ಎಣಿಕೆಯಿಂದ ಗುಣಿಸತೊಡಗಿದಳು. ಪೈಸೆಯ ಸಮೇತ, ಹಳೆಯ ಶಾಲೆಯ ಪದ್ಧತಿಯಲ್ಲಿ, ಒಂದರ ಕೆಳಗೊಂದು ಬರೆದು.

"ಕ್ಯಾಲ್ಕುಲೇಟರ್ ಕೊಡ್ಲೇನು?" ಎಂದ ಯಮನೂರ.

"ಬ್ಯಾಡ. ಯಂತ್ರ ಮಾಡಿದ್ದ ತಪ್ಪ ಯಂತ್ರಾನ ನೋಡ್ತೈತೇನು?"

ಒಂಬತ್ತೂಕಾಲಾಯಿತು. ಪೇಟೆ ತೆರೆಯಿತು. ಟ್ರಂಕಿನ ಮೇಲೆ ಫೋನು ಒಂದು ಸಲ ಗುಂಯ್ ಎಂದು ಸುಮ್ಮನಾಯಿತು. ಎರಡನೆಯ ಪಾಳಿಯ ವಾರದಲ್ಲಿ ಆ ಹೊತ್ತಿಗೆ ಯಾರೂ ದರ ನೋಡದೆ ಇದ್ದದ್ದು ಎರಡು ವರ್ಷದಲ್ಲಿ ಅದೇ ಮೊದಲು. ಯಮನೂರ ಗೋಡೆಗೆ ಒರಗಿ ಕೂತ. ಸಾವಂತ್ರೆವ್ವ ಹಾಳೆ ತಿರುವುವ ಸದ್ದು, ಪೆನ್ನಿನ ಸದ್ದು. ಹತ್ತಾಯಿತು. ಹತ್ತೂವರೆಯಾಯಿತು. ಒಂದು ಗುಣಾಕಾರ ಮುಗಿದರೆ ಅದಕ್ಕೊಂದು ಸುತ್ತು ಹಾಕಿ ಮುಂದಿನದಕ್ಕೆ ಹೋಗುತ್ತಿದ್ದಳು. ಅನುಮಾನ ಬಂದರೆ ಹೊಡೆದುಹಾಕಿ ಮತ್ತೆ ಮಾಡುತ್ತಿದ್ದಳು. ಎಲ್ಲಿಯೂ ಆತುರವಿಲ್ಲ. ಏಳನೆಯ ಇಯತ್ತೆಯಲ್ಲಿ ಬಿಟ್ಟ ಗಣಿತ ಇಪ್ಪತ್ತೆಂಟು ವರ್ಷದ ಮೇಲೆ, ಪೈಸೆ ಪೈಸೆಯಾಗಿ ಅವಳ ಬೆರಳಿನಿಂದ ಇಳಿದು ಬರುವುದನ್ನು 'ಹೂಂ' ಹೇಳುವ ಹಾಳೆ ಕಟ್ಟಿದ ಮನುಷ್ಯ ಎವೆಯಿಕ್ಕದೆ ನೋಡಿದ.

ರಜೆ ಹಾಕಿ ಮನೆಯಲ್ಲಿದ್ದ ಫೂಲಿಬಾಯಿ ಹೊಸ್ತಿಲಲ್ಲಿ ಬಂದು ಕೂತು ಬಹಳ ಹೊತ್ತಾಗಿತ್ತು. "ಯಾರರ ಸತ್ತಾರೇನ ಯಕ್ಕಾ? ಹಿಂಗ್ಯಾಕ ಕುಂತೀರಿ?" ಎಂದು ಕೇಳಿ ಅವಳೂ ಪೆನ್ನು ಓಡುವುದನ್ನೇ ನೋಡುತ್ತಿದ್ದಳು.

ಹನ್ನೊಂದು ಇಪ್ಪತ್ತಕ್ಕೆ ಸಾವಂತ್ರೆವ್ವ ಪೆನ್ನು ಇಟ್ಟಳು.

"ಐವತ್ತೊಂದು."

"ಐವತ್ತೊಂದು," ಎಂದ ಯಮನೂರ. ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದ. "ಎಪ್ರಿಲ್ ಮೂರರದು ಒಂದ ಸರಿ ಬರ್ತೈತಿ. ಏಳೂವರಿ ರೂಪಾಯಿ ಅಂತರ, ನಲವತ್ತ ಶೇರು."

"ಸರಿ ಮುನ್ನೂರು. ನನ್ನದರಾಗೂ ಹಂಗ ಐತಿ. ಎಲ್ಲಾ ಕೂಡಿ ಹೆಚ್ಚಿಗಿ ಹೋಗಿದ್ದು ಮುನ್ನೂರಾ ತೊಂಬತ್ತೈದು ರೂಪಾಯಿ ಮೂವತ್ತ ಪೈಸಾ."

"ಮೂವತ್ತ ಪೈಸಾ," ಎಂದು ಯಮನೂರ ಪರದೆ ನೋಡಿ ಹೇಳಿದ.

"ಅಯ್ಯ, ನಾನೂರ ರೂಪಾಯಿ ಸಲುವಾಗಿ ಮುಂಜಾನಿಂದ ಇಷ್ಟೆಲ್ಲಾ?" ಎಂದಳು ಫೂಲಿಬಾಯಿ.

"ರೂಪಾಯಿ ಅಲ್ಲ ಫೂಲಿ. ಐವತ್ತೊಂದ ಸಲ."

ಯಮನೂರ ಫೋನು ತೆಗೆದುಕೊಂಡು ಏನನ್ನೋ ಹುಡುಕಿ, ಒಂದು ಪುಟ ತೆರೆದು ಹೆಂಡತಿಯ ಮುಂದೆ ಹಿಡಿದ. ಷೇರು ಖಾತೆ ಮುಚ್ಚುವ ಅರ್ಜಿ. "ಮಾತಂದ್ರ ಮಾತ. ನನ್ನ ಹೆಸರು, ನಂಬರು ಎಲ್ಲಾ ತುಂಬೇನಿ. ಒತ್ತಾಕಿ ನೀನ. ಒತ್ತು."

ಸಾವಂತ್ರೆವ್ವ ಫೋನು ಹಿಡಿದು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬೆರಳು ಪರದೆಯಿಂದ ದೂರವೇ ಇತ್ತು.

"ಬಂದರದಾಗ ಹಿಂಗಾದ್ರ ಏನ ಮಾಡ್ತಾರ್ರಿ? ಎರಡೂ ಟ್ಯಾಲಿ ಕೂಡ್ತಾವ, ಸಹಿ ಆಗೇತಿ, ಆಮ್ಯಾಲೆ ತಪ್ಪು ಸಿಕ್ಕತು ಅಂದ್ರ?"

"ಕದ್ದಿದ್ದಾದ್ರ ಮನಿಗೆ ಕಳಸ್ತಾರ. ಇಬ್ಬರನೂ."

"ಕದ್ದಿದ್ದಲ್ಲ ಅಂದ್ರ?"

"ಚೀಲ ಎಲ್ಲಾ ಕೆಳಗ ಇಳಿಸಿ ಮೊದಲಿಂದ ಎಣಸೂದು. ಕೂಲಿ ಸಿಗೂದಿಲ್ಲ."

"ಸಹಿ ನಂದೂ ಐತಿ," ಎಂದಳು ಅವಳು. "ಮುನ್ನೂರಾ ಆರು ಅಂತ ನನ್ನ ಕಣ್ಣೀಲೆ ನೋಡಿ ಹಾಕೇನಿ. ಖರ್ಚ ಇರಬೇಕು ಅಂತ ನಾನೂ ಅಂದೇನಿ. ಹೋದ ಸಲ ನಾಕ ತಿಂಗಳು ಮುಚ್ಚಿಟ್ಟಿದ್ರಿ. ಈ ಸಲ ಹದಿನಾಕ ತಾಸು."



ಅವಳು ಅರ್ಜಿಯ ಪುಟವನ್ನು ಮುಚ್ಚಿ ಫೋನನ್ನು ಟ್ರಂಕಿನ ಮೇಲಿಟ್ಟಳು. ನಾಲ್ಕು ನೋಟುಬುಕ್ಕುಗಳನ್ನು ಒಂದರ ಮೇಲೊಂದು ಇಟ್ಟು ದಾರ ಕಟ್ಟಿದಳು. "ಇನ್ನೂರಾ ಮೂವತ್ತೆಂಟೂ ಹೋದವು. ಮೊದಲಿಂದ ಎಣಸೂದು. ಮತ್ತ ಇನ್ನಮ್ಯಾಲೆ ನೀವು ಎಷ್ಟಂತ ಹೇಳಿದ ಮ್ಯಾಲೆ ನಾ ಗುಣಸ್ತೇನಿ. ಗುಣಿಸಿ ಮುನ್ನೂರರೊಳಗ ಬಂದ್ರ ಮಾತ್ರ ಒತ್ತತೇನಿ. ಅಷ್ಟರಾಗ ದರ ಓಡಿ ಹೋದ್ರ ಹೋಗ್ಲಿ."

"ಹೋಗ್ಲಿ," ಎಂದ ಯಮನೂರ.

"ಎರಡ ವರ್ಷ ಆಗ್ತೈತಿ ಮತ್ತ."

"ಆಗ್ಲಿ."

ಫೂಲಿಬಾಯಿ ಎದ್ದು ಸೀರೆ ಕೊಡವಿಕೊಂಡಳು. "ನಿಮ್ಮಿಬ್ಬರಿಗೂ ಹುಚ್ಚ ಹಿಡದೈತಿ. ರೊಟ್ಟಿ ಕೊಡ ಯಕ್ಕಾ, ಹಸಿವ್ಯಾಗೈತಿ."

ಯಮನೂರ ಅಂದೇ ಸೂತ್ರ ಬದಲಿಸಿದ. ಈಗ ಉಳಿಕೆ ಎಷ್ಟೇ ಇರಲಿ, ಅದು ಕೆಳಕ್ಕೆ ಇಳಿಯುತ್ತದೆ. ಒಂದು ಷೇರೂ ಮುನ್ನೂರರೊಳಗೆ ಬಾರದಿದ್ದರೆ ಹಾಳೆ 'ಬ್ಯಾಡ' ಎನ್ನುತ್ತದೆ. ಆಮೇಲೆ ಎರಡರ ಬಸ್ಸಿಗೆ ಹೋದ. ಅಂದಿನ ಚಹಾ ಯಾರು ಕುಡಿಸಬೇಕೆಂದು ರಾಜಮಹ್ಮದನಿಗೆ ತಿಳಿಯದೆ ಇಬ್ಬರೂ ತಮ್ಮ ತಮ್ಮದನ್ನು ತಾವೇ ಕೊಂಡು ಕುಡಿದರು.

ಶುಕ್ರವಾರ ಒಂಬತ್ತೂಕಾಲಿಗೆ ಸಾವಂತ್ರೆವ್ವ ಹೊಸ ನೋಟುಬುಕ್ಕು ತೆರೆದಳು. ಒಂದೂವರೆಯವರೆಗೂ ಐದು ಸಾಲಿನಲ್ಲಿ ಒಂದೂ ಹಸಿರಾಗಲಿಲ್ಲ. ಇಬ್ಬರೂ ಸಹಿ ಮಾಡಿದರು, ಅವಳು ಮೊದಲನೆಯ ಗೀಟು ಎಳೆದಳು. ಮುಂದಿನ ವಾರ ಯಮನೂರನಿಗೆ ಮೊದಲ ಪಾಳಿ. ಎರಡನೆಯ ಗೀಟು ಬೀಳುವುದು ಅದರಾಚೆಯ ಸೋಮವಾರ.